ಫಿಟ್ಸ್ ಬರುವ ಬೆಕ್ಕು, ಮುಂದೂಡಿದ ಆಪರೇಷನ್

ಸಾಕಿದ ಹೆಣ್ಣು ಬೆಕ್ಕಿಗೆ ಫಿಟ್ಸ್ ಕಾಣಿಸಿಕೊಂಡರೆ ಮನೆಯವರು ಮೊದಲು ಮುಂದಕ್ಕೆ ಹಾಕುವ ಕೆಲಸ ಸಂತಾನಹರಣದ ಆಪರೇಷನ್. ಆರು ತಿಂಗಳಿಗೆ ಮಾಡಿಸೋಣ ಎಂದುಕೊಂಡಿದ್ದು ವರ್ಷಕ್ಕೆ ಹೋಗುತ್ತದೆ, ವರ್ಷದ್ದು ಎರಡು ವರ್ಷಕ್ಕೆ ಹೋಗುತ್ತದೆ. ಮೂರ್ಛೆ ಬೀಳುವ ಜೀವಕ್ಕೆ ಅರಿವಳಿಕೆ ಕೊಟ್ಟು ಮತ್ತೊಮ್ಮೆ ಪ್ರಜ್ಞೆ ತಪ್ಪಿಸುವುದುಂಟೇ, ಎದ್ದೇಳದಿದ್ದರೆ ಗತಿಯೇನು ಎಂಬ ಹೆದರಿಕೆ ಅದರ ಹಿಂದಿರುತ್ತದೆ. ವೈದ್ಯರಲ್ಲೂ ಕೆಲವರು ‘ಸದ್ಯಕ್ಕೆ ಬೇಡ, ನೋಡೋಣ’ ಎಂದುಬಿಟ್ಟರೆ ಆ ‘ಸದ್ಯ’ ಮುಗಿಯುವುದೇ ಇಲ್ಲ. ಈ ಹೆದರಿಕೆ ಪ್ರೀತಿಯಿಂದ ಹುಟ್ಟಿದ್ದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅದು ಅಪಾಯದ ಒಂದು ಮಗ್ಗುಲನ್ನು ಮಾತ್ರ ನೋಡುತ್ತದೆ. ಆಪರೇಷನ್ನಿನ ಅಪಾಯ ಒಂದು ದಿನದ್ದು. ಆ ದಿನ ವೈದ್ಯರು ಪಕ್ಕದಲ್ಲಿರುತ್ತಾರೆ, ಔಷಧಿ ಕೈಯಳತೆಯಲ್ಲಿರುತ್ತದೆ. ಆಪರೇಷನ್ ಮಾಡಿಸದೆ ಬಿಟ್ಟ ಬೆಕ್ಕಿನ ಮೈಯೊಳಗಿನ ಅಪಾಯ ಬೆದೆಯ ಜೊತೆ ಎರಡು ಮೂರು ವಾರಕ್ಕೊಮ್ಮೆ ಮರಳಿ ಬರುತ್ತದೆ, ಹಲವು ಸಲ ಯಾರೂ ನೋಡದ ಹೊತ್ತಿನಲ್ಲಿ. ಫಿಟ್ಸ್‌ನ ಮೂಲ ಹುಡುಕಿ, ಅದನ್ನು ಹತೋಟಿಗೆ ತಂದು, ಆಮೇಲೆ ತಡಮಾಡದೆ ಆಪರೇಷನ್ ಮಾಡಿಸುವುದು ಬಹುಪಾಲು ಬೆಕ್ಕುಗಳಿಗೆ ಒಳ್ಳೆಯದು ಎಂಬುದು ನನ್ನ ವಾದ.

ಅದಕ್ಕೂ ಮೊದಲು ಕಂಡದ್ದು ಫಿಟ್ಸೇ ಹೌದೇ ಎಂದು ತಿಳಿಯಬೇಕು. ಮೊದಲ ಸಲ ಬೆದೆಗೆ ಬಂದ ಬೆಕ್ಕನ್ನು ನೋಡಿ ಗಾಬರಿಯಾಗದವರು ಕಡಿಮೆ. ನೆಲದ ಮೇಲೆ ಹೊರಳುತ್ತದೆ, ಎಂದೂ ಕೇಳದ ದನಿಯಲ್ಲಿ ಕೂಗುತ್ತದೆ, ಮುಂಗಾಲು ಊರಿ ಹಿಂಭಾಗ ಎತ್ತಿ ನಿಂತಲ್ಲೇ ತುಳಿಯುತ್ತದೆ, ಊಟ ಬಿಡುತ್ತದೆ. ಆದರೆ ಆಗ ಕರೆದರೆ ತಿರುಗಿ ನೋಡುತ್ತದೆ, ಬೆನ್ನು ಸವರಿದರೆ ಇನ್ನಷ್ಟು ಒತ್ತಿಕೊಂಡು ಬರುತ್ತದೆ. ಮೈಯೆಲ್ಲ ಆವರಿಸುವ ಫಿಟ್ಸ್‌ನಲ್ಲಿ ಆ ಪರಿವೆ ಇರುವುದಿಲ್ಲ. ಮೈ ಸೆಟೆಯುತ್ತದೆ, ಕಾಲುಗಳು ಈಜಿದಂತೆ ಬಡಿದುಕೊಳ್ಳುತ್ತವೆ, ಜೊಲ್ಲು ಸುರಿಯುತ್ತದೆ, ಮೂತ್ರ ಹೋಗಿಬಿಡಬಹುದು, ಮುಗಿದ ಮೇಲೂ ದಿಕ್ಕು ತೋಚದೆ ಅಲೆಯುತ್ತದೆ. ಬೆಕ್ಕುಗಳಲ್ಲಿ ಇನ್ನೊಂದು ಬಗೆಯೂ ಸಾಮಾನ್ಯ: ಮುಖದ ಒಂದು ಪಕ್ಕ ಮಾತ್ರ ಅದುರುವುದು, ಬಾಯಿ ಚಪ್ಪರಿಸುವುದು, ಕಣ್ಣಪಾಪೆ ಹಿಗ್ಗಿ ಒಂದೇ ಕಡೆ ನೆಟ್ಟ ನೋಟ, ಇದ್ದಕ್ಕಿದ್ದಂತೆ ದಿಕ್ಕೆಟ್ಟು ಓಡಿ ಗೋಡೆಗೆ ಬಡಿಯುವುದು. ಇದನ್ನು ಮಾತಿನಲ್ಲಿ ವಿವರಿಸುವುದಕ್ಕಿಂತ ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸುವುದು ಎಷ್ಟೋ ಮೇಲು. ಜೊತೆಗೆ ಒಂದು ಪುಸ್ತಕದಲ್ಲಿ ಫಿಟ್ಸ್ ಬಂದ ದಿನ, ಎಷ್ಟು ಹೊತ್ತು ಇತ್ತು, ಆಗ ಬೆಕ್ಕು ಬೆದೆಯಲ್ಲಿತ್ತೇ ಎಂಬಿಷ್ಟನ್ನು ಬರೆದಿಟ್ಟರೆ, ಎರಡು ಮೂರು ತಿಂಗಳಲ್ಲಿ ಆ ಪುಟಗಳೇ ಆಪರೇಷನ್ನಿನ ಪ್ರಶ್ನೆಗೆ ಅರ್ಧ ಉತ್ತರ ಹೇಳುತ್ತವೆ. ಫಿಟ್ಸ್ ಬಂದಾಗ ಬಾಯಿಗೆ ಬೆರಳು ಹಾಕಬಾರದು, ಮೂಗಿಗೆ ಈರುಳ್ಳಿ ಹಿಡಿಯುವ ರೂಢಿಯೂ ಬೇಡ. ಈರುಳ್ಳಿ ಹೊಟ್ಟೆಗೆ ಹೋದರೆ ಬೆಕ್ಕಿನ ರಕ್ತಕಣಗಳಿಗೇ ವಿಷ. ಬೀಗದ ಕೈ ಗೊಂಚಲನ್ನು ಹತ್ತಿರ ತಂದು ಅಲ್ಲಾಡಿಸುವುದಂತೂ ಬೇಡವೇ ಬೇಡ. ವಯಸ್ಸಾದ ಕೆಲವು ಬೆಕ್ಕುಗಳಿಗೆ ಬೀಗದ ಕೈ ಸದ್ದು, ಬಟ್ಟಲಿಗೆ ಚಮಚ ತಾಗಿದ ಸದ್ದು ಇಂಥವೇ ಫಿಟ್ಸ್ ಬರಿಸುತ್ತವೆ ಎಂಬುದನ್ನು ಬ್ರಿಟನ್ನಿನ ನರರೋಗ ತಜ್ಞರು 2015ರಲ್ಲಿ ದಾಖಲಿಸಿದ್ದಾರೆ.

ಇನ್ನು ಮೂಲದ ವಿಚಾರ. ನನ್ನ ವಾದ ನಿಲ್ಲುವುದೂ ಬೀಳುವುದೂ ಇದರ ಮೇಲೆಯೇ. ನಾಯಿಗಳಲ್ಲಿ ಫಿಟ್ಸ್ ಎಂದರೆ ಕಾರಣ ತಿಳಿಯದ ಅಪಸ್ಮಾರವೇ ಹೆಚ್ಚು. ಬೆಕ್ಕುಗಳಲ್ಲಿ ಫಿಟ್ಸ್ ನಾಯಿಗಳಷ್ಟು ಸಾಮಾನ್ಯವಲ್ಲ. ಬಂದರೆ ಹಿಂದೆ ಇನ್ನೊಂದು ತೊಂದರೆ ಅಡಗಿರುವ ಸಾಧ್ಯತೆ ದೊಡ್ಡದು. ಆ ತೊಂದರೆಗಳಲ್ಲಿ ಕೆಲವನ್ನು ನಮ್ಮ ಕೈಯಾರೆ ನಾವೇ ತಂದಿರುತ್ತೇವೆ. ನಾಯಿಯ ಉಣ್ಣೆ, ಚಿಗಟಕ್ಕೆಂದು ಕತ್ತಿನ ಮೇಲೆ ಹಾಕುವ ಹನಿ ಔಷಧಿಗಳಲ್ಲಿ ಹಲವದರಲ್ಲಿ ಪರ್ಮೆಥ್ರಿನ್ ಇರುತ್ತದೆ. ಅದನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಅದೇ ಹನಿಯನ್ನು ಬೆಕ್ಕಿಗೂ ಹಾಕಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಫಿಟ್ಸ್, ಕೆಲವೊಮ್ಮೆ ಸಾವು. ಹಾಕಿಸಿಕೊಂಡ ನಾಯಿಯ ಪಕ್ಕ ಒತ್ತಿ ಮಲಗಿದರೂ ಸಾಕು. ಹಸಿ ಮೀನನ್ನೇ ದಿನವೂ ತಿನ್ನುವ ಬೆಕ್ಕಿಗೆ ಬೇರೆಯದೇ ಅಪಾಯ: ಕೆಲವು ಜಾತಿಯ ಮೀನಿನಲ್ಲಿರುವ ಕಿಣ್ವವೊಂದು ಬಿ-1 ಜೀವಸತ್ವವನ್ನು ನಾಶಮಾಡುತ್ತದೆ, ಕೊರತೆ ಹೆಚ್ಚಿದರೆ ತಲೆ ಬಾಗಿ ತೂರಾಡುವುದು, ಫಿಟ್ಸ್ ಬರುತ್ತವೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಕರಾವಳಿಯ ಮನೆಗಳು ಗಮನಿಸಬೇಕಾದ ಸಂಗತಿಯಿದು. ಇವು ಕಾರಣವಾಗಿದ್ದರೆ ಚಿಕಿತ್ಸೆಯಾದ ಮೇಲೆ ಬೆಕ್ಕು ಮತ್ತೆ ಆರೋಗ್ಯವಂತ ಬೆಕ್ಕೇ, ಆಪರೇಷನ್ನಿಗೆ ಇದರಿಂದ ಅಡ್ಡಿಯೇನಿಲ್ಲ.

ಅಡ್ಡಿಯಾಗುವ ಕಾರಣಗಳೂ ಇವೆ. ಹುಟ್ಟಿನಿಂದಲೇ ಕೆಲವು ಮರಿಗಳಲ್ಲಿ ಕರುಳಿನ ರಕ್ತ ಯಕೃತ್ತಿಗೆ ಹೋಗದೆ ಅಡ್ಡದಾರಿಯ ನಾಳದಲ್ಲಿ ನೇರ ದೊಡ್ಡ ರಕ್ತನಾಳ ಸೇರಿಬಿಡುತ್ತದೆ. ಶುದ್ಧಿಯಾಗದ ಆ ರಕ್ತ ಮೆದುಳಿಗೆ ವಿಷವಾಗುತ್ತದೆ. ಇಂಥ ಮರಿ ಜೊತೆಯ ಮರಿಗಳಿಗಿಂತ ಕುಳ್ಳಾಗಿರುತ್ತದೆ, ಜೊಲ್ಲು ಸುರಿಸುತ್ತದೆ, ಊಟವಾದ ಮೇಲೆ ಮಂಕಾಗುತ್ತದೆ. ಕೆಲವದರ ಕಣ್ಣು ತಾಮ್ರದ ಬಣ್ಣಕ್ಕಿರುತ್ತದೆ. ಅರಿವಳಿಕೆ ಔಷಧಿಗಳಲ್ಲಿ ಹಲವು ಕರಗಬೇಕಾದದ್ದೂ ಅದೇ ಯಕೃತ್ತಿನಲ್ಲಿ. ಇದನ್ನು ಪತ್ತೆಹಚ್ಚದೆ ಆಪರೇಷನ್ ಟೇಬಲ್ಲಿಗೆ ಮಲಗಿಸಿದರೆ ಜನ ಹೆದರುವ ಅನಾಹುತ ನಿಜವಾಗಿಯೂ ಆಗಬಹುದು. ಊಟಕ್ಕೆ ಮೊದಲು ಮತ್ತು ನಂತರ ರಕ್ತದ ಪಿತ್ತಾಮ್ಲ ಅಳೆಯುವ ಪರೀಕ್ಷೆಯಿಂದ ಇದರ ಸುಳಿವು ಸಿಗುತ್ತದೆ. ಎರಡು ವರ್ಷದೊಳಗಿನ ಬೆಕ್ಕಿಗೆ ಜ್ವರ, ತೂಕ ಇಳಿಕೆಯ ಜೊತೆ ಫಿಟ್ಸ್ ಬಂದರೆ ಎಫ್‌ಐಪಿ ಎಂಬ ಕೊರೊನಾವೈರಸ್ ಕಾಯಿಲೆಯನ್ನು ನೆನೆಯಬೇಕು. ಟಾಕ್ಸೊಪ್ಲಾಸ್ಮಾ, ಶಿಲೀಂಧ್ರದ ಸೋಂಕು, ತಲೆಗೆ ಬಿದ್ದ ಪೆಟ್ಟು, ವಯಸ್ಸಾದವುಗಳಲ್ಲಿ ಮೆದುಳಿನ ಗಡ್ಡೆ, ಏರಿದ ರಕ್ತದೊತ್ತಡ ಇವೂ ಸಾಲಿನಲ್ಲಿವೆ. ನಮ್ಮ ದೇಶದಲ್ಲಂತೂ ಲಸಿಕೆಯಾಗದೆ ಹೊರಗೆ ತಿರುಗುವ ಬೆಕ್ಕು ದಿಢೀರನೆ ಸ್ವಭಾವ ಬದಲಿಸಿ, ಕಚ್ಚಲು ಬಂದು, ಫಿಟ್ಸ್‌ಗೆ ಒಳಗಾದರೆ ಮೊದಲು ಯೋಚಿಸಬೇಕಾದದ್ದು ರೇಬಿಸ್. ಕಚ್ಚಿಸಿಕೊಂಡವರು ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಆಗ ಬೆಕ್ಕಿನ ಆಪರೇಷನ್ನಿನ ಮಾತೇ ಏಳುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ರಕ್ತಪರೀಕ್ಷೆ ಸರಿಯಿದೆ, ಎರಡು ಫಿಟ್ಸ್‌ಗಳ ನಡುವೆ ಬೆಕ್ಕು ಲವಲವಿಕೆಯಿಂದಿದೆ, ಕಾರಣ ಮಾತ್ರ ಕಾಣುತ್ತಿಲ್ಲ ಎಂಬ ಸ್ಥಿತಿಗೆ ಬಂದರೆ ಅದನ್ನು ಕಾರಣ ತಿಳಿಯದ ಅಪಸ್ಮಾರ ಎನ್ನುತ್ತಾರೆ. ಆಪರೇಷನ್ ಬೇಕೇ ಬೇಡವೇ ಎಂದು ಮನೆಯವರನ್ನು ಹೆಚ್ಚು ಕಾಡುವುದು ಇಂಥ ಬೆಕ್ಕುಗಳ ವಿಷಯದಲ್ಲೇ, ಮತ್ತು ಇಲ್ಲಿಯೇ ಹೆಣ್ಣು ಬೆಕ್ಕಿನ ದೇಹಧರ್ಮ ಒಂದು ಮುಖ್ಯ ಸಾಕ್ಷಿ ಹೇಳುತ್ತದೆ. ಪ್ರತಿ ಮೆದುಳಿಗೂ ಫಿಟ್ಸ್ ತಡೆಹಿಡಿಯುವ ಒಂದು ಮಿತಿಯಿದೆ, ಕೆರೆಗೆ ಕೋಡಿ ಇರುವಂತೆ. ಕೋಡಿ ತಗ್ಗಿದ ಕೆರೆ ಸಣ್ಣ ಮಳೆಗೂ ಹರಿಯುತ್ತದೆ. ಈಸ್ಟ್ರೊಜನ್ ಹಾರ್ಮೋನು ನರಕೋಶಗಳನ್ನು ಕೆರಳಿಸಿ ಆ ಮಿತಿಯನ್ನು ತಗ್ಗಿಸುತ್ತದೆ. ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನು ಒಡೆದು ಬರುವ ಒಂದು ವಸ್ತು ಮೆದುಳಿನ ಶಾಂತಕಾರಕ ಗಾಬಾ ವ್ಯವಸ್ಥೆಗೆ ಬಲ ಕೊಟ್ಟು ಮಿತಿಯನ್ನು ಏರಿಸುತ್ತದೆ. ಅಪಸ್ಮಾರವಿರುವ ಕೆಲವು ಹೆಂಗಸರಿಗೆ ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಫಿಟ್ಸ್ ಹೆಚ್ಚುವುದು ಈ ಏರಿಳಿತದಿಂದಲೇ. ಹೆಣ್ಣು ನಾಯಿಗಳಲ್ಲೂ ಗಣನೀಯ ಭಾಗಕ್ಕೆ ಬೆದೆಗೂ ಫಿಟ್ಸ್‌ಗೂ ನಂಟಿರುವುದನ್ನು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಬೆಕ್ಕಿನ ಕಥೆ ಇವೆರಡಕ್ಕಿಂತ ತೀವ್ರ. ಹೆಂಗಸರಲ್ಲಿ, ಹೆಣ್ಣು ನಾಯಿಯಲ್ಲಿ ಅಂಡ ತಾನಾಗಿಯೇ ಬಿಡುಗಡೆಯಾಗುತ್ತದೆ, ಈಸ್ಟ್ರೊಜನ್ನಿನ ಹಿಂದೆಯೇ ಪ್ರೊಜೆಸ್ಟೆರಾನ್ ಬರುತ್ತದೆ. ಬೆಕ್ಕಿನಲ್ಲಿ ಸಾಮಾನ್ಯವಾಗಿ ಗಂಡಿನ ಜೊತೆ ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುವುದು. ಒಳಗೇ ಕೂಡಿಹಾಕಿ ಸಾಕಿದ, ಗಂಡು ಸೇರದ ಬೆಕ್ಕಿಗೆ ಈಸ್ಟ್ರೊಜನ್ ಏರುತ್ತದೆ, ವಾರದ ಹೊತ್ತು ಬೆದೆಯಲ್ಲಿರುತ್ತದೆ, ಇಳಿಯುತ್ತದೆ. ಕೆಲವೇ ದಿನಗಳ ಬಿಡುವಿನ ನಂತರ ಮತ್ತೆ ಏರುತ್ತದೆ. ನಡುವೆ ಮೆದುಳನ್ನು ತಣಿಸುವ ಪ್ರೊಜೆಸ್ಟೆರಾನ್ ಬಹುಮಟ್ಟಿಗೆ ಬರುವುದೇ ಇಲ್ಲ. ಇದಕ್ಕೆ ನಮ್ಮ ಊರಿನ ಬಿಸಿಲೂ ಸೇರುತ್ತದೆ. ಬೆಕ್ಕು ಹಗಲು ಉದ್ದವಾಗುವ ಕಾಲಕ್ಕೆ ಬೆದೆಗೆ ಬರುವ ಪ್ರಾಣಿ. ಯುರೋಪಿನಂಥ ಕಡೆ ಚಳಿಗಾಲದ ಕಿರಿದಾದ ಹಗಲು ಅದಕ್ಕೆ ಕೆಲವು ತಿಂಗಳ ವಿರಾಮ ಕೊಡುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಕಿರಿದಾದ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ, ಮನೆಯೊಳಗೆ ರಾತ್ರಿಯೂ ದೀಪ. ಆದ್ದರಿಂದ ಇಲ್ಲಿನ ಬೆಕ್ಕಿಗೆ ಆ ವಿರಾಮವೂ ಹೆಚ್ಚಾಗಿ ಸಿಗದು. ‘ನಮ್ಮದು ಮನೆಯೊಳಗಿನ ಬೆಕ್ಕು, ಗಂಡು ಹತ್ತಿರ ಸುಳಿಯುವುದಿಲ್ಲ, ಆಪರೇಷನ್ ಯಾಕೆ’ ಎನ್ನುವವರು ಇದನ್ನು ಯೋಚಿಸಬೇಕು. ಮರಿಗಳಾಗದಂತೆ ಬಾಗಿಲು ಕಾಯುತ್ತದೆ, ನಿಜ. ಹಾರ್ಮೋನಿನ ಏರಿಳಿತವನ್ನು ಯಾವ ಬಾಗಿಲೂ ಕಾಯುವುದಿಲ್ಲ.

ತಿಳಿದವರು ಇಲ್ಲೊಂದು ಆಕ್ಷೇಪ ಎತ್ತಬಹುದು. ಅಂಡಾಶಯ ತೆಗೆದರೆ ಈಸ್ಟ್ರೊಜನ್ನಿನ ಜೊತೆಗೆ ಮೆದುಳನ್ನು ಕಾಯುವ ಪ್ರೊಜೆಸ್ಟೆರಾನ್ ಕೂಡ ಹೋಗುವುದಿಲ್ಲವೇ? ತೂಕವಿರುವ ಪ್ರಶ್ನೆ. ತಾನಾಗಿ ಅಂಡ ಬಿಡುಗಡೆಯಾಗುವ ಪ್ರಾಣಿಯಲ್ಲಿ ಇದು ನಿಜಕ್ಕೂ ಲಾಭನಷ್ಟಗಳ ತೂಗುಯ್ಯಾಲೆ. ಗಂಡು ಸೇರದ ಬೆಕ್ಕಿನಲ್ಲಿ ಕಳೆದುಕೊಳ್ಳಲು ಪ್ರೊಜೆಸ್ಟೆರಾನ್ ಇರುವುದೇ ಕಡಿಮೆ. ಹೋಗುವುದು ಮುಖ್ಯವಾಗಿ ಕೆರಳಿಸುವ ಪಾಲು. ಇಷ್ಟು ಹೇಳಿ, ವಾದದ ಮಿತಿಯನ್ನೂ ಹೇಳಿಬಿಡಬೇಕು. ಇದು ದೇಹಧರ್ಮದಿಂದ ಮತ್ತು ಬೇರೆ ಜೀವಿಗಳ ಅನುಭವದಿಂದ ಕಟ್ಟಿದ ತರ್ಕ, ಬೆಕ್ಕುಗಳ ಮೇಲಿನ ದೊಡ್ಡ ಹೋಲಿಕೆ ಪ್ರಯೋಗಗಳ ಬೆಂಬಲ ಅದಕ್ಕಿಲ್ಲ. ಆದ್ದರಿಂದ ‘ಆಪರೇಷನ್ ಮಾಡಿಸಿದರೆ ಫಿಟ್ಸ್ ನಿಂತುಹೋಗುತ್ತದೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬಾರದು. ಮನೆಯವರು ಬರೆದಿಟ್ಟ ಪುಸ್ತಕದಲ್ಲಿ ಫಿಟ್ಸ್ ಬೆದೆಯ ದಿನಗಳಿಗೇ ಅಂಟಿಕೊಂಡು ಬಂದಿದ್ದರೆ ಕಡಿಮೆಯಾಗುವ ನಿರೀಕ್ಷೆಗೆ ಆಧಾರವಿದೆ. ಹಾಗಿಲ್ಲದಿದ್ದರೆ ಆಪರೇಷನ್ ಒಂದು ಪ್ರಚೋದನೆಯನ್ನು ತೆಗೆಯುತ್ತದೆ, ಅಷ್ಟೇ. ಫಿಟ್ಸ್‌ನ ಮಾತ್ರೆ ಮುಂದುವರಿಯುತ್ತದೆ.

ಬಾಗಿಲು ಕಾಯುವುದೂ ಎಲ್ಲ ಮನೆಗಳಲ್ಲಿ ಸಾಧ್ಯವಿಲ್ಲ. ಹೆಂಚಿನ ಮನೆ, ತೆರೆದ ಹಿತ್ತಿಲು, ಅಕ್ಕಪಕ್ಕದ ತಾರಸಿ. ಬೆದೆಗೆ ಬಂದ ಬೆಕ್ಕು ದಾರಿ ಹುಡುಕಿಕೊಂಡೇ ತೀರುತ್ತದೆ. ರಸ್ತೆಯಲ್ಲೋ ಗೋಡೆಯ ಮೇಲೋ ಫಿಟ್ಸ್ ಬಂದರೆ ಕಾಪಾಡುವವರಿಲ್ಲ. ಹೊರಗೆ ಹೋದ ಬೆಕ್ಕಿಗೆ ಎರಡು ಹೊತ್ತಿನ ಮಾತ್ರೆ ತಪ್ಪುತ್ತದೆ, ಮತ್ತು ಫಿಟ್ಸ್ ಔಷಧಿಯನ್ನು ದಿಢೀರನೆ ನಿಲ್ಲಿಸುವುದೇ ಫಿಟ್ಸ್ ಬರಿಸುವ ದೊಡ್ಡ ಕಾರಣಗಳಲ್ಲೊಂದು. ಗಬ್ಬವಾದರೆ ಸುಮಾರು ಒಂಬತ್ತು ವಾರಗಳ ಕಾಲ ಮೈಯ ನೀರು, ತೂಕ, ರಕ್ತದ ಪ್ರಮಾಣ ಬದಲಾಗುತ್ತ ಮಾತ್ರೆಯ ಅಳತೆ ತಪ್ಪುತ್ತದೆ. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಾಲ್ ಗರ್ಭದ ಮರಿಗಳಿಗೂ, ಆಮೇಲೆ ಹಾಲಿಗೂ ದಾಟುತ್ತದೆ. ಹಾಲೂಡುವಾಗ ರಕ್ತದ ಕ್ಯಾಲ್ಸಿಯಂ ಕುಸಿದರೆ ಆರೋಗ್ಯವಂತ ತಾಯಿಬೆಕ್ಕಿಗೇ ಸೆಳವು ಬರುವುದುಂಟು; ಮೊದಲೇ ಮಿತಿ ತಗ್ಗಿದ ಮೆದುಳಿಗೆ ಅದು ಎರಡು ಪಟ್ಟು ಅಪಾಯ. ‘ಒಂದು ಸಲ ಮರಿ ಹಾಕಲಿ, ಹೆಣ್ಣು ಜೀವಕ್ಕೆ ತಾಯ್ತನದ ಸುಖ ಸಿಗಲಿ, ಆಮೇಲೆ ಮಾಡಿಸೋಣ’ ಎನ್ನುವ ಮಾತು ಕರುಣೆಯಿಂದಲೇ ಬರುತ್ತದೆ. ಆದರೆ ಒಂದು ಸಲ ಮರಿ ಹಾಕಿದರೆ ಬೆಕ್ಕಿನ ಆರೋಗ್ಯಕ್ಕೆ ಒಳ್ಳೆಯದೆನ್ನಲು ಆಧಾರವೇ ಇಲ್ಲ, ಈ ಬೆಕ್ಕಿಗಂತೂ ಅದು ನೇರ ಕೇಡು.

ಈಗ ಅರಿವಳಿಕೆಗೆ ಬರೋಣ, ಏಕೆಂದರೆ ಭಯದ ಬೇರು ಅಲ್ಲಿದೆ. 2002ರಿಂದ 2004ರವರೆಗೆ ಬ್ರಿಟನ್ನಿನ ನೂರಕ್ಕೂ ಹೆಚ್ಚು ಪಶುಚಿಕಿತ್ಸಾಲಯಗಳಲ್ಲಿ ಅರಿವಳಿಕೆ ಪಡೆದ ಸುಮಾರು 79 ಸಾವಿರ ಬೆಕ್ಕುಗಳ ಲೆಕ್ಕ 2008ರಲ್ಲಿ ಪ್ರಕಟವಾಯಿತು. ಒಟ್ಟಾರೆ ಸಾವಿನ ಪ್ರಮಾಣ ಶೇ 0.24. ಆರೋಗ್ಯವಂತ ಬೆಕ್ಕುಗಳಲ್ಲಿ ಶೇ 0.11, ಅಂದರೆ ಸಾವಿರಕ್ಕೆ ಒಂದು. ಕಾಯಿಲೆ ಬಿದ್ದ ಬೆಕ್ಕುಗಳಲ್ಲಿ ಶೇ 1.4. ಈ ಎರಡು ಅಂಕಿಗಳ ನಡುವೆ ಹತ್ತು ಪಟ್ಟಿಗೂ ಮೀರಿದ ಅಂತರವಿದೆ, ನಿರ್ಧಾರದ ತಿರುಳೂ ಅಲ್ಲಿದೆ. ಕಾರಣ ಪರೀಕ್ಷಿಸಿ, ಔಷಧಿಯಿಂದ ಹತೋಟಿಗೆ ಬಂದ ಅಪಸ್ಮಾರದ ಬೆಕ್ಕು ಮೊದಲ ಗುಂಪಿನ ಹತ್ತಿರಕ್ಕೆ ಬರುತ್ತದೆ. ವಾರಕ್ಕೆರಡು ಫಿಟ್ಸ್ ಬರುತ್ತಿರುವ, ಕಾರಣ ನೋಡದ ಬೆಕ್ಕು ಎರಡನೆಯ ಗುಂಪಿನದು. ಅದೇ ಬೆಕ್ಕು, ಅದೇ ಆಪರೇಷನ್, ಸಮಯ ಮಾತ್ರ ಬೇರೆ. ಆ ಅಧ್ಯಯನ ಹೇಳಿದ ಇನ್ನೊಂದು ಸಂಗತಿಯನ್ನು ಪ್ರತಿ ಮನೆಯವರೂ ನೆನಪಿಡಬೇಕು: ಸಾವುಗಳಲ್ಲಿ ಹೆಚ್ಚಿನವು ಕತ್ತರಿ ಆಡುವಾಗ ಆದದ್ದಲ್ಲ, ಆಪರೇಷನ್ ಮುಗಿದ ಮೇಲೆ ಆದದ್ದು, ಅದರಲ್ಲೂ ಮೊದಲ ಮೂರು ಗಂಟೆಗಳಲ್ಲಿ. ಹೊಲಿಗೆ ಹಾಕಿದ ಕೂಡಲೇ ಬುಟ್ಟಿಯಲ್ಲಿಟ್ಟು ಕಳಿಸಿಬಿಡುವ ಕಡೆ ಫಿಟ್ಸ್ ಇರುವ ಬೆಕ್ಕನ್ನು ಒಯ್ಯಬಾರದು.

ಅರಿವಳಿಕೆಯ ಔಷಧಿಗಳೇ ಫಿಟ್ಸ್ ಬರಿಸುತ್ತವೆ ಎಂಬ ನಂಬಿಕೆಗೆ ಹಳೆಯ ಕಾಲದ ಸ್ವಲ್ಪ ಆಧಾರವಿದೆ. ಎನ್‌ಫ್ಲುರೇನ್ ಎಂಬ ಹಳೆಯ ಅನಿಲ ನಿಜಕ್ಕೂ ಮೆದುಳನ್ನು ಕೆರಳಿಸುತ್ತಿತ್ತು. ಈಗ ಬಳಕೆಯಲ್ಲಿರುವ ಐಸೊಫ್ಲುರೇನ್, ಪ್ರೊಪೊಫಾಲ್, ಡಯಜೆಪಾಮ್, ಮಿಡಜೋಲಾಮ್ ಇವುಗಳ ಮಾತು ಬೇರೆ. ನಿಲ್ಲದ ಫಿಟ್ಸ್‌ನಿಂದ ತುರ್ತು ಚಿಕಿತ್ಸೆಗೆ ಬಂದ ಬೆಕ್ಕನ್ನು ಉಳಿಸಲು ಬಳಸುವುದು ಇವನ್ನೇ. ಕೆಟಮಿನ್ ಬಗ್ಗೆ ಚರ್ಚೆ ಇನ್ನೂ ಇದೆ. ನಮ್ಮ ಸಂತಾನಹರಣ ಶಿಬಿರಗಳಲ್ಲಿ ಕೆಟಮಿನ್–ಜೈಲಜಿನ್ ಜೋಡಿಯೇ ವಾಡಿಕೆಯಾದ್ದರಿಂದ ಇದು ತಿಳಿದಿರಬೇಕು. ಒಂಟಿಯಾಗಿ ಕೊಟ್ಟರೆ ಕೆಟಮಿನ್ ಸ್ನಾಯುಗಳನ್ನು ಬಿಗಿಯಿಸುತ್ತದೆ, ಏಳುವಾಗ ಬೆಕ್ಕು ಕಾಲು ಬಡಿಯುವುದುಂಟು, ನೋಡಿದವರು ಅದನ್ನು ಫಿಟ್ಸ್ ಎಂದುಕೊಳ್ಳುತ್ತಾರೆ. ಮಿಡಜೋಲಾಮ್‌ನಂಥ ಔಷಧಿಯ ಜೊತೆ ಕೊಟ್ಟರೆ ಆ ತೊಂದರೆ ತಗ್ಗುತ್ತದೆ. ಬೇರೆಯದಕ್ಕೆ ಬಗ್ಗದ ಫಿಟ್ಸ್ ನಿಲ್ಲಿಸಲು ಕೆಟಮಿನ್ ಅನ್ನೇ ಬಳಸುವ ಪದ್ಧತಿಯೂ ಈಗ ಬಂದಿದೆ. ಮಂಪರಿಗೆ ಕೊಡುವ ಅಸೆಪ್ರೊಮಜಿನ್ ಫಿಟ್ಸ್ ಬರಿಸುತ್ತದೆ ಎಂಬ ಹಳೆಯ ಎಚ್ಚರಿಕೆಯೂ ನಾಯಿಗಳ ಮೇಲಿನ 2006 ಮತ್ತು 2007ರ ಅಧ್ಯಯನಗಳಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಹೆಚ್ಚು ಎಚ್ಚರ ಬೇಕಾದದ್ದು ಜನ ಅನುಮಾನಿಸದ ಔಷಧಿಗಳ ಮೇಲೆ: ನೋವಿಗೆಂದು ಕೊಡುವ ಟ್ರಮಡಾಲ್, ಸೋಂಕಿಗೆಂದು ಕೊಡುವ ಎನ್ರೊಫ್ಲಾಕ್ಸಸಿನ್ ಇವೆರಡೂ ಫಿಟ್ಸ್‌ನ ಮಿತಿಯನ್ನು ತಗ್ಗಿಸಬಲ್ಲವು, ಎರಡಕ್ಕೂ ಬದಲಿ ಇದೆ. ಮನೆಯಲ್ಲಿರುವ ಪ್ಯಾರಸಿಟಮಾಲ್ ಅನ್ನು ಬೆಕ್ಕಿಗೆ ಯಾವ ಕಾರಣಕ್ಕೂ ಕೊಡಬಾರದು. ಒಂದು ಮಾತ್ರೆ ಸಾಕು ಪ್ರಾಣ ತೆಗೆಯಲು.

‘ಆಪರೇಷನ್ ಮಾಡಿಸಿದ ಮೇಲೆಯೇ ನಮ್ಮ ಬೆಕ್ಕಿಗೆ ಫಿಟ್ಸ್ ಶುರುವಾಯಿತು’ ಎನ್ನುವವರೂ ಇದ್ದಾರೆ, ಅವರ ಮಾತನ್ನು ಅಲ್ಲಗಳೆಯದೆ ಕೇಳಬೇಕು. ಅರಿವಳಿಕೆಯಲ್ಲಿ ಮೆದುಳಿಗೆ ಆಮ್ಲಜನಕ ಕಡಿಮೆಯಾಗಿದ್ದರೆ ಆಮೇಲೆ ಫಿಟ್ಸ್ ಬರುವುದು ಸಾಧ್ಯ. ಆದರೆ ಸಾಮಾನ್ಯವಾಗಿ ಆಪರೇಷನ್ ಆಗುವುದು ಆರು ತಿಂಗಳಿಂದ ಒಂದು ವರ್ಷದ ನಡುವೆ. ಕಾರಣ ತಿಳಿಯದ ಅಪಸ್ಮಾರ ಮೊದಲು ತಲೆದೋರುವುದೂ ಹೆಚ್ಚಾಗಿ ಅದರ ಮುಂದಿನ ಕೆಲವು ವರ್ಷಗಳಲ್ಲಿ. ಒಂದರ ಹಿಂದೆ ಒಂದು ಬಂದದ್ದಕ್ಕೆ ಒಂದರಿಂದ ಇನ್ನೊಂದು ಬಂತು ಎನ್ನಲಾಗದು. ಆಪರೇಷನ್ ಆದ ಕೆಲವೇ ಗಂಟೆ, ದಿನಗಳಲ್ಲಿ ಶುರುವಾದ ಫಿಟ್ಸ್‌ಗೂ ಏಳೆಂಟು ತಿಂಗಳ ನಂತರ ಶುರುವಾದದ್ದಕ್ಕೂ ವ್ಯತ್ಯಾಸವಿದೆ.

ಕತ್ತರಿಯೇ ಬೇಡ, ಬೆದೆ ತಡೆಯುವ ಇಂಜೆಕ್ಷನ್ ಸಾಕು ಎನ್ನುವವರಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಆಸೆ. ಈ ಇಂಜೆಕ್ಷನ್ ಮತ್ತು ಮಾತ್ರೆಗಳಲ್ಲಿರುವುದು ಕೃತಕ ಪ್ರೊಜೆಸ್ಟಿನ್. ಸಹಜ ಪ್ರೊಜೆಸ್ಟೆರಾನ್ ಮೆದುಳಿಗೆ ಕೊಡುವ ರಕ್ಷೆಯನ್ನು ಇವೂ ಕೊಡುತ್ತವೆ ಎಂದು ಭಾವಿಸಲಾಗದು. ಬದಲಿಗೆ ಕೆಚ್ಚಲು ಊದಿಕೊಳ್ಳುವುದು, ಗರ್ಭಕೋಶದಲ್ಲಿ ಕೀವು, ಸಕ್ಕರೆ ಕಾಯಿಲೆ ಇವೆಲ್ಲ ಬೆಕ್ಕಿನಲ್ಲಿ ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮಗಳು. ಸಕ್ಕರೆ ಕಾಯಿಲೆ ಬಂದರೆ ಇನ್ಸುಲಿನ್, ಇನ್ಸುಲಿನ್ ಹೆಚ್ಚಾದರೆ ಸಕ್ಕರೆ ಕುಸಿತ, ಕುಸಿದರೆ ಮತ್ತೆ ಫಿಟ್ಸ್. ಗರ್ಭಕೋಶದಲ್ಲಿ ಕೀವು ತುಂಬಿದರೆ ಕೊನೆಗೆ ಅದೇ ಆಪರೇಷನ್ ಮಾಡಿಸಬೇಕು, ಆಗ ತುರ್ತಾಗಿ, ಜ್ವರ ಬಂದು ಸೊರಗಿದ ಮೈಗೆ. ಸ್ತನದ ಗಡ್ಡೆಯ ಲೆಕ್ಕವೂ ಇದೆ. ಬೆಕ್ಕುಗಳಲ್ಲಿ ಕಾಣುವ ಸ್ತನದ ಗಡ್ಡೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಕ್ಯಾನ್ಸರ್. ಆರು ತಿಂಗಳೊಳಗೆ ಅಂಡಾಶಯ ತೆಗೆಸಿದರೆ ಆ ಅಪಾಯ ಶೇ 91ರಷ್ಟು, ಒಂದು ವರ್ಷದೊಳಗಾದರೆ ಶೇ 86ರಷ್ಟು ತಗ್ಗುತ್ತದೆ ಎಂದು 2005ರ ಅಧ್ಯಯನ ತೋರಿಸಿತು. ಎರಡು ವರ್ಷ ದಾಟಿದ ಮೇಲೆ ಆ ಲಾಭ ಇಲ್ಲವಾಗುತ್ತದೆ. ‘ಸದ್ಯಕ್ಕೆ ಬೇಡ’ ಎಂದು ಮುಂದೂಡುವವರು ಕಳೆದುಕೊಳ್ಳುವುದು ಇದನ್ನೂ ಸೇರಿಸಿ.

ಖರ್ಚಿನ ಆಕ್ಷೇಪಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಎಂಆರ್‌ಐ, ಬೆನ್ನುಹುರಿಯ ದ್ರವದ ಪರೀಕ್ಷೆ ದೊಡ್ಡ ಊರುಗಳಿಗೆ ಮಾತ್ರ ಸೀಮಿತ, ದುಬಾರಿ, ಅವಕ್ಕೂ ಅರಿವಳಿಕೆ ಬೇಕು. ಎಲ್ಲ ಬೆಕ್ಕಿಗೂ ಅವು ಬೇಕಿಲ್ಲ ಎಂಬುದು ಸಮಾಧಾನ. ರಕ್ತಕಣಗಳ ಎಣಿಕೆ, ಸಕ್ಕರೆ, ಕ್ಯಾಲ್ಸಿಯಂ, ಯಕೃತ್ತು–ಮೂತ್ರಪಿಂಡದ ಪರೀಕ್ಷೆ, ಸಾಧ್ಯವಾದರೆ ಪಿತ್ತಾಮ್ಲ, ರಕ್ತದೊತ್ತಡ, ಜೊತೆಗೆ ನರಗಳನ್ನು ಬಲ್ಲ ವೈದ್ಯರ ಕೈಯಿಂದ ಒಂದು ತಪಾಸಣೆ. ಯುವ ಬೆಕ್ಕಿನ ಆಪರೇಷನ್ ನಿರ್ಧಾರಕ್ಕೆ ಬಹಳ ಸಲ ಇಷ್ಟು ಸಾಕು. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಂಥ ಕಡೆ ಒಂದೇ ಸೂರಿನಡಿ ತಪಾಸಣೆಗೂ ಆಪರೇಷನ್ನಿಗೂ ವಿಚಾರಿಸಬಹುದು. ಮಾತ್ರೆ ಹಾಕಲು ಕೈಗೆ ಸಿಗದ ಬೀದಿ ಬೆಕ್ಕಿನ ವಿಷಯ ಹೆಚ್ಚು ಕಷ್ಟದ್ದು. ಅದಕ್ಕೂ ನನ್ನ ಉತ್ತರ ಆಪರೇಷನ್ ಪರವಾಗಿಯೇ, ಮತ್ತೆ ಮತ್ತೆ ಬಸಿರಾಗುವುದು ಅದಕ್ಕೆ ಇನ್ನೂ ಕ್ರೂರ. ಆದರೆ ಹಿಡಿದು ತಂದವರು ಶಿಬಿರದ ವೈದ್ಯರಿಗೆ ಫಿಟ್ಸ್ ವಿಷಯ ಮೊದಲೇ ಹೇಳಬೇಕು, ಆ ರಾತ್ರಿ ಒಳಗಿಟ್ಟು ನೋಡಿಕೊಳ್ಳಬೇಕು.

ಬೇಡ ಎನ್ನಬೇಕಾದ ಸಂದರ್ಭಗಳೂ ಸ್ಪಷ್ಟವಾಗಿವೆ. ಯಕೃತ್ತಿನ ಅಡ್ಡನಾಳ ಸರಿಯಾಗುವ ತನಕ, ಎಫ್‌ಐಪಿಯಂಥ ಸೋಂಕು ಸಕ್ರಿಯವಾಗಿರುವಾಗ, ಒಂದೇ ದಿನದಲ್ಲಿ ಎರಡು ಮೂರು ಫಿಟ್ಸ್ ಬರುತ್ತಿರುವಾಗ ಕಾಯಬೇಕು. ಹನ್ನೆರಡು ಹದಿಮೂರು ವರ್ಷದ, ಮೊದಲ ಬಾರಿಗೆ ಫಿಟ್ಸ್ ಬಂದ ಬೆಕ್ಕಿನಲ್ಲಿ ಮೆದುಳಿನ ಗಡ್ಡೆಯೋ ರಕ್ತದೊತ್ತಡವೋ ಇರುವ ಸಂಭವ ಹೆಚ್ಚು. ಗರ್ಭಕೋಶದ ತೊಂದರೆ ಕಾಣದಿದ್ದರೆ ಆ ವಯಸ್ಸಿನಲ್ಲಿ ಅದರ ಹೊಟ್ಟೆ ಕೊಯ್ಯಿಸುವ ಅಗತ್ಯವಿಲ್ಲ. ಬೆದೆಯ ನಡುವೆ ಗರ್ಭಕೋಶದ ರಕ್ತನಾಳಗಳು ಉಬ್ಬಿರುವುದರಿಂದ, ಸಾಧ್ಯವಿದ್ದರೆ ಎರಡು ಬೆದೆಗಳ ನಡುವಿನ ಬಿಡುವಿನಲ್ಲಿ ದಿನ ಗೊತ್ತುಮಾಡುವುದು ಮೇಲು.

ಹತೋಟಿ ಎಂದರೆ ಎಷ್ಟು ಎಂಬುದಕ್ಕೂ ಅಳತೆ ಇದೆ. ಬೆಕ್ಕಿಗೆ ಮೊದಲ ಆಯ್ಕೆಯ ಔಷಧಿ ಫಿನೋಬಾರ್ಬಿಟಾಲ್, ಔಷಧಿ ಅಂಗಡಿಗಳಲ್ಲಿ ಗಾರ್ಡೆನಾಲ್ ಎಂದು ವೈದ್ಯರ ಚೀಟಿಗೆ ಸಿಗುವುದು ಅದೇ. ರಕ್ತದಲ್ಲಿ ಅದರ ಮಟ್ಟ ನೆಲೆಗೊಳ್ಳಲು ಸುಮಾರು ಎರಡು ವಾರ ಬೇಕು. ಆಮೇಲೆ ಪರೀಕ್ಷಿಸಿದರೆ ಒಂದು ಮಿಲಿಲೀಟರ್ ಸೀರಮ್‌ನಲ್ಲಿ 15ರಿಂದ 45 ಮೈಕ್ರೋಗ್ರಾಂ ನಡುವೆ ಇರಬೇಕು. ಅದಕ್ಕಿಂತ ಮೊದಲೇ ಆಪರೇಷನ್ ದಿನ ಗೊತ್ತುಮಾಡುವುದು ಅವಸರ. ನಾಯಿಗೆ ಕೊಡುವ ಪೊಟ್ಯಾಸಿಯಂ ಬ್ರೊಮೈಡ್ ಬೆಕ್ಕಿನ ಶ್ವಾಸಕೋಶ ಕೆಡಿಸಬಹುದು, ದಿನವೂ ಬಾಯಿಗೆ ಕೊಡುವ ಡಯಜೆಪಾಮ್ ಕೆಲವು ಬೆಕ್ಕುಗಳ ಯಕೃತ್ತನ್ನೇ ಕೊಂದದ್ದು 1990ರ ದಶಕದಿಂದ ಗೊತ್ತಿದೆ, ಇವೆರಡೂ ಬೇಡ. ಆಪರೇಷನ್ ದಿನ ಬೆಳಿಗ್ಗೆ ಊಟ ತಪ್ಪಿಸಿದರೂ ಫಿಟ್ಸ್ ಮಾತ್ರೆ ತಪ್ಪಿಸಬಾರದು, ಒಂದು ತುತ್ತಿನಲ್ಲಿ ಅಡಗಿಸಿ ಕೊಡಲು ವೈದ್ಯರು ಒಪ್ಪುತ್ತಾರೆ. ಮರಿಯನ್ನು ರಾತ್ರಿಯಿಡೀ ಉಪವಾಸ ಕೆಡವಿದರೆ ಸಕ್ಕರೆ ಕುಸಿದು ಅದರಿಂದಲೇ ಫಿಟ್ಸ್ ಬರಬಹುದು, ನಾಲ್ಕು ತಿಂಗಳೊಳಗಿನದಕ್ಕೆ ಕೆಲವೇ ಗಂಟೆಯ ಉಪವಾಸ ಸಾಕು. ಎಚ್ಚರವಾದ ಬೆಕ್ಕು ಸಂಜೆ ನುಂಗಲಾಗದಿದ್ದರೆ ಆ ಹೊತ್ತಿನ ಔಷಧಿ ಇಂಜೆಕ್ಷನ್ ರೂಪದಲ್ಲಿ ಸಿಗುತ್ತದೆಯೇ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಬೇಕು. ಐದು ನಿಮಿಷ ಮೀರಿದ ಫಿಟ್ಸ್ ತುರ್ತು. ಅಂಥ ಹೊತ್ತಿಗೆ ಎಲ್ಲಿಗೆ ಓಡಬೇಕು ಎಂಬುದೂ ಮೊದಲೇ ಗೊತ್ತಿರಬೇಕು. ಹೊಲಿಗೆ ಮಾಗಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಅಂಡಾಶಯ ಹೋದ ಬೆಕ್ಕಿಗೆ ಆಹಾರ ಸುಮಾರು ಕಾಲು ಭಾಗ ಕಡಿಮೆ ಸಾಕು, ಫಿನೋಬಾರ್ಬಿಟಾಲ್ ಮಾತ್ರ ಹಸಿವನ್ನು ಹೆಚ್ಚಿಸುತ್ತದೆ. ಎರಡೂ ಸೇರಿ ಬೆಕ್ಕು ಬೇಗ ಊದುತ್ತದೆ. ಮೂರು ಕಿಲೋ ತೂಕಕ್ಕೆ ಗೊತ್ತುಮಾಡಿದ ಮಾತ್ರೆ ನಾಲ್ಕೂವರೆ ಕಿಲೋದ ಮೈಗೆ ಸಾಲದೆ ಹೋಗಬಹುದು. ತಿಂಗಳಿಗೊಮ್ಮೆ ತೂಕ ನೋಡಿ, ಬದಲಾದರೆ ರಕ್ತದ ಮಟ್ಟ ಪರೀಕ್ಷಿಸಿ, ಮಾತ್ರೆಯ ಅಳತೆಯನ್ನು ವೈದ್ಯರಿಂದ ಸರಿಪಡಿಸಿಕೊಳ್ಳಬೇಕು.